ಹಳೆಯ ಜಿಪ್ಸಿಯನ್ನು ಎರಡು ಇಂಚು ಎತ್ತುವ ಮೊದಲು

ಕಳೆದ ಮಳೆಗಾಲದ ಒಂದು ಮಧ್ಯಾಹ್ನ ಪ್ರಯೋಗಾಲಯದ ಅವಧಿ ಮುಗಿದ ಮೇಲೆ ದ್ವಿತೀಯ ಪಿಯುಸಿಯ ವಿದ್ಯಾರ್ಥಿಯೊಬ್ಬ ಬಾಗಿಲ ಬಳಿ ಕಾದು ನಿಂತಿದ್ದ. ಸ್ಪ್ರಿಂಗ್ ನಿಯತಾಂಕ ಕಂಡುಹಿಡಿಯುವ ಪ್ರಯೋಗದಲ್ಲಿ ಏನೋ ಸಂಶಯ ಇರಬೇಕೆಂದು ನಾನು ಭಾವಿಸಿದೆ. ಅವನ ಸಂಶಯ ಬೇರೆಯೇ ಆಗಿತ್ತು.

"ಸರ್, ನಮ್ಮ ಬಾಪನ ಹತ್ತಿರ ಒಂದು ಹಳೆಯ ಜಿಪ್ಸಿ ಇದೆ. ಮನೆಗೆ ಹೋಗುವ ಮಣ್ಣಿನ ದಾರಿಯಲ್ಲಿ ಅಡಿ ತಾಗುತ್ತದೆ. ರಜೆಯಲ್ಲಿ ಕೆಲಸ ಮಾಡಿದ 12,000 ರೂಪಾಯಿ ನನ್ನ ಹತ್ತಿರ ಇದೆ. ಅದರಲ್ಲಿ ಗಾಡಿಯನ್ನು ಎರಡು ಇಂಚು, ಆದರೆ ನಾಲ್ಕು ಇಂಚು ಎತ್ತಬೇಕು. ಯಾವ ಸ್ಪ್ರಿಂಗ್ ಹಾಕಬೇಕು?"

ಅವನ ಮನೆ ಇರುವುದು ಘಟ್ಟದ ತಪ್ಪಲಿನಲ್ಲಿ. ತಂದೆ ಆ ಗಾಡಿಯಲ್ಲಿ ಅಡಿಕೆ, ಕರಿಮೆಣಸಿನ ಮೂಟೆಗಳನ್ನು ಪೇಟೆಗೆ ಸಾಗಿಸುತ್ತಾರೆ. ಮಳೆ ಜೋರಾದ ದಿನ ನೆರೆಯ ನಾಲ್ಕೈದು ಮಕ್ಕಳನ್ನು ಶಾಲೆಯ ತನಕ ಬಿಡುವುದೂ ಅದೇ ಗಾಡಿಯಲ್ಲಿ. ಅಂದರೆ ಇದು ಮೋಜಿನ ಪ್ರಶ್ನೆಯಲ್ಲ. ತಪ್ಪು ಮಾಡಿದರೆ ತೆರಬೇಕಾದದ್ದು ಹಣ ಮಾತ್ರ ಅಲ್ಲ. ಆದ್ದರಿಂದ "ನಾಳೆ ಹೇಳುತ್ತೇನೆ" ಎನ್ನದೆ ಇಬ್ಬರೂ ಕುಳಿತು ಲೆಕ್ಕ ಹಾಕಿದೆವು. ನಂತರದ ಭಾನುವಾರ ಗ್ಯಾರೇಜಿಗೂ ಹೋದೆವು. ಆ ಲೆಕ್ಕವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಪ್ರಥಮ ಪಿಯುಸಿಯ ಭೌತಶಾಸ್ತ್ರ ಓದಿದ ಯಾರಿಗಾದರೂ ಇದು ಅರ್ಥವಾಗುತ್ತದೆ. ಕಲಾ ಮತ್ತು ವಾಣಿಜ್ಯ ವಿಭಾಗದವರು ಸಮೀಕರಣ ಬಿಟ್ಟು ಓದಿದರೂ ನಷ್ಟವಿಲ್ಲ.

1. ಗಾಡಿಯ ಅಡಿಯಲ್ಲಿ ಏನಿದೆ?

ಮಾರುತಿ ಜಿಪ್ಸಿ ನಮ್ಮ ದೇಶದ ಮಾರುಕಟ್ಟೆಗೆ ಬಂದದ್ದು 1985ರ ಕೊನೆಯಲ್ಲಿ. ಈಗ ಅದರ ತಯಾರಿಕೆ ನಿಂತಿದೆ. ಆದರೂ ಸೈನ್ಯದಲ್ಲಿ, ಪೊಲೀಸ್ ಇಲಾಖೆಯಲ್ಲಿ, ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ತೋಟಗಳಲ್ಲಿ ಇನ್ನೂ ಕಾಣಸಿಗುತ್ತದೆ. ಅದರ ರಚನೆ ಸರಳ. ಏಣಿಯಂಥ ಉಕ್ಕಿನ ಚಾಸಿ. ಮುಂದೆ ಒಂದು, ಹಿಂದೆ ಒಂದು ಗಟ್ಟಿ ಆಕ್ಸಲ್. ಪ್ರತಿ ಆಕ್ಸಲ್‌ನಲ್ಲೂ ಉಬ್ಬಿದ ಗುಂಡಿನಂತೆ ಕಾಣುವ ಡಿಫರೆನ್ಷಿಯಲ್. ನಾಲ್ಕು ಚಕ್ರಕ್ಕೂ ಲೀಫ್ ಸ್ಪ್ರಿಂಗ್. ಇದನ್ನೇ ಗ್ಯಾರೇಜಿನಲ್ಲಿ ಪ್ಲೇಟ್ ಅಥವಾ ಕಮಾನ್ ಪಟ್ಟಿ ಎನ್ನುತ್ತಾರೆ. ಜಟಕಾ ಗಾಡಿಯ ಕಾಲದಿಂದ ಬಂದ ವಿದ್ಯೆ ಇದು. ಉದ್ದದಿಂದ ಗಿಡ್ಡಕ್ಕೆ ಜೋಡಿಸಿದ, ಬಾಗಿದ ಉಕ್ಕಿನ ಪಟ್ಟಿಗಳು. ಅದರ ಒಂದು ತುದಿ ಚಾಸಿಗೆ ನೇರವಾಗಿ ಸಿಕ್ಕಿಕೊಂಡಿರುತ್ತದೆ. ಇನ್ನೊಂದು ತುದಿ ಶ್ಯಾಕಲ್ ಎಂಬ ತೂಗಾಡುವ ಕೊಂಡಿಯಲ್ಲಿರುತ್ತದೆ. ಭಾರ ಬಿದ್ದಾಗ ಪಟ್ಟಿ ನೇರವಾಗಿ ಉದ್ದವಾಗುತ್ತದಲ್ಲವೇ, ಆ ಉದ್ದಕ್ಕೆ ಜಾಗ ಕೊಡಲು ಈ ಕೊಂಡಿ. ನಡುವೆ ಆಕ್ಸಲ್ಲನ್ನು ಯು-ಬೋಲ್ಟ್‌ಗಳು ಬಿಗಿದು ಹಿಡಿದಿರುತ್ತವೆ.

ಜಿಪ್ಸಿಯ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 2375 ಮಿಲಿಮೀಟರ್. ನೆಲದಿಂದ ಅದರ ಅತಿ ತಗ್ಗಿನ ಭಾಗಕ್ಕೆ ಕಂಪನಿ ಕೊಟ್ಟ ಅಂತರ 210 ಮಿಲಿಮೀಟರ್. ಎಡ ಬಲ ಚಕ್ರಗಳ ನಡುವಿನ ಅಂತರ, ಅಗಲ ಮಾಡಿದ ನಂತರದ ಮಾದರಿಗಳಲ್ಲಿ, ಸುಮಾರು 1300 ಮಿಲಿಮೀಟರ್. ಈ ಅಂಕೆಗಳನ್ನು ನೆನಪಿಡಿ. ಮುಂದೆ ಬೇಕಾಗುತ್ತವೆ.

2. ಮೊದಲ ಪ್ರಶ್ನೆ: ತಾಗುವುದು ಎಲ್ಲಿ?

"ಅಡಿ ತಾಗುತ್ತದೆ" ಎಂದ ಹುಡುಗನಿಗೆ ನಾನು ಕೇಳಿದ್ದು ಇಷ್ಟೇ: "ಅಡಿಯಲ್ಲಿ ಯಾವುದು ತಾಗುತ್ತದೆ?" ಅವನಿಗೆ ಗೊತ್ತಿರಲಿಲ್ಲ. ಗಾಡಿ ಎತ್ತಲು ಹೊರಟ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ.

ಇದು ಯಾಕೆ ಮುಖ್ಯ? ಸಸ್ಪೆನ್ಷನ್ ಎತ್ತಿದರೆ ಮೇಲೇರುವುದು ಸ್ಪ್ರಿಂಗಿನ ಮೇಲಿರುವ ವಸ್ತುಗಳು ಮಾತ್ರ: ಚಾಸಿ, ಇಂಜಿನ್, ಗೇರ್‌ಬಾಕ್ಸ್, ಪೆಟ್ರೋಲ್ ಟ್ಯಾಂಕ್, ಬಾಡಿ. ಆಕ್ಸಲ್ ಮತ್ತು ಡಿಫರೆನ್ಷಿಯಲ್ ಚಕ್ರದ ಜೊತೆಗೆ ನೆಲದ ಮೇಲೆಯೇ ಇರುತ್ತವೆ. ನೀವು ಆರು ಇಂಚು ಎತ್ತಿ, ಡಿಫರೆನ್ಷಿಯಲ್ ಮಾತ್ರ ಮೊದಲಿದ್ದಷ್ಟೇ ತಗ್ಗಿನಲ್ಲಿ ಇರುತ್ತದೆ. ಅದು ಮೇಲೇಳಬೇಕಾದರೆ ಟೈರ್ ದೊಡ್ಡದಾಗಬೇಕು. ಆಗಲೂ ವ್ಯಾಸ ಹೆಚ್ಚಿದ್ದರ ಅರ್ಧದಷ್ಟೇ ಲಾಭ. 70 ಸೆಂಟಿಮೀಟರ್ ವ್ಯಾಸದ ಟೈರ್ ತೆಗೆದು 74 ಸೆಂಟಿಮೀಟರಿನದು ಹಾಕಿದರೆ ಆಕ್ಸಲ್ ಏರುವುದು 2 ಸೆಂಟಿಮೀಟರ್. ಜೊತೆಗೆ ಸ್ಪೀಡೋಮೀಟರ್ 60 ತೋರಿಸುವಾಗ ಗಾಡಿ ನಿಜವಾಗಿ 63ರ ವೇಗದಲ್ಲಿ ಓಡುತ್ತಿರುತ್ತದೆ. ಬ್ರೇಕಿಗೂ ಇಂಜಿನ್ನಿಗೂ ಕೆಲಸ ಹೆಚ್ಚುತ್ತದೆ.

ಹಾಗಾದರೆ ಸಸ್ಪೆನ್ಷನ್ ಎತ್ತುವುದರಿಂದ ಲಾಭವೇ ಇಲ್ಲವೇ? ಇದೆ. ಅದು ಕೋನಗಳಲ್ಲಿದೆ. ಗಾಡಿ ಒಂದು ದಿಬ್ಬ ಹತ್ತಿ ಇಳಿಯುವಾಗ ಮುಂದಿನ ಚಕ್ರ ಆಚೆ, ಹಿಂದಿನ ಚಕ್ರ ಈಚೆ ಇದ್ದು ಹೊಟ್ಟೆ ದಿಬ್ಬದ ನೆತ್ತಿಗೆ ತಾಗುವುದುಂಟು. ಎಷ್ಟು ಚೂಪಾದ ದಿಬ್ಬವನ್ನು ಹೊಟ್ಟೆ ತಾಗದೆ ದಾಟಬಹುದು? ಟೈರ್ ನೆಲ ಮುಟ್ಟುವ ಬಿಂದುವಿನಿಂದ ಹೊಟ್ಟೆಯ ನಡುಬಿಂದುವಿಗೆ ಗೆರೆ ಎಳೆಯಿರಿ. ಹೊಟ್ಟೆಯ ಎತ್ತರವನ್ನು ಚಕ್ರಾಂತರದ ಅರ್ಧದಿಂದ ಭಾಗಿಸಿದರೆ ಆ ಗೆರೆಯ ಕೋನದ ಟ್ಯಾಂಜೆಂಟ್ ಸಿಗುತ್ತದೆ. ಎರಡೂ ಕಡೆ ಸೇರಿಸಿ ಇಮ್ಮಡಿ ಮಾಡಬೇಕು.

ಹೊಟ್ಟೆಯ ನಡುಭಾಗ ನೆಲದಿಂದ 300 ಮಿ.ಮೀ. ಮೇಲಿದೆ ಎಂದಿಟ್ಟುಕೊಳ್ಳೋಣ.
300 ÷ 1187.5 = 0.253, ಕೋನ 14.2 ಡಿಗ್ರಿ, ಇಮ್ಮಡಿ 28.4 ಡಿಗ್ರಿ.
50 ಮಿ.ಮೀ., ಅಂದರೆ ಎರಡು ಇಂಚು ಎತ್ತಿದರೆ: 350 ÷ 1187.5 = 0.295, ಕೋನ 16.4 ಡಿಗ್ರಿ, ಇಮ್ಮಡಿ 32.8 ಡಿಗ್ರಿ.

ಎರಡು ಇಂಚಿಗೆ ನಾಲ್ಕೂವರೆ ಡಿಗ್ರಿಯ ಹತ್ತಿರ ಲಾಭ. ಮಣ್ಣಿನ ದಾರಿಯಲ್ಲಿ ಇದು ಸಣ್ಣ ಸಂಗತಿಯಲ್ಲ. ಆದರೆ ತಾಗುವುದು ಹೊಟ್ಟೆಯಾದರೆ ಮಾತ್ರ ಈ ಲಾಭ. ಚಕ್ರಗಳ ನಡುವೆ ನಿಂತ ಕಲ್ಲಿಗೆ ಡಿಫರೆನ್ಷಿಯಲ್ ತಾಗುತ್ತಿದ್ದರೆ ನಾಲ್ಕು ಇಂಚು ಎತ್ತಿದರೂ ಅದು ತಾಗುತ್ತಲೇ ಇರುತ್ತದೆ. ಆದ್ದರಿಂದ ಹಣ ಖರ್ಚು ಮಾಡುವ ಮೊದಲು ಒಂದು ಟಾರ್ಚ್ ಹಿಡಿದು ಅಡಿಯ ಗೀರುಗಳನ್ನು ನೋಡಬೇಕು.

3. ಕಡಿಮೆ ಖರ್ಚಿನ ದಾರಿಗಳು, ಒಂದೊಂದರ ಗುಣ ದೋಷ

ಲೀಫ್ ಸ್ಪ್ರಿಂಗಿನ ಗಾಡಿಯನ್ನು ಅಗ್ಗವಾಗಿ ಎತ್ತುವ ದಾರಿಗಳು ಮುಖ್ಯವಾಗಿ ನಾಲ್ಕು.

ಒಂದನೆಯದು, ಪ್ಲೇಟ್ ಸೇರಿಸುವುದು. ಇಲ್ಲಿ ಹುಕ್‌ನ ನಿಯಮ ಕೆಲಸ ಮಾಡುತ್ತದೆ. ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ ನಿಯಮವನ್ನು ನಾವು F = kx ಎಂದು ಬರೆಯುತ್ತೇವೆ. ಹಿಂದಿನ ಒಂದು ಸ್ಪ್ರಿಂಗಿನ ಮೇಲೆ 300 ಕಿಲೋ ಭಾರ, ಅಂದರೆ ಸುಮಾರು 3000 ನ್ಯೂಟನ್ ಇದೆ ಎನ್ನೋಣ. ಸ್ಪ್ರಿಂಗ್ ನಿಯತಾಂಕ ಮಿಲಿಮೀಟರಿಗೆ 30 ನ್ಯೂಟನ್ ಆದರೆ ಅದು 100 ಮಿ.ಮೀ. ಕುಗ್ಗುತ್ತದೆ. ಇನ್ನೊಂದು ಪ್ಲೇಟ್ ಸೇರಿಸಿ ನಿಯತಾಂಕ 40ಕ್ಕೆ ಏರಿದರೆ ಕುಗ್ಗುವುದು 75 ಮಿ.ಮೀ. ಅಂದರೆ ಗಾಡಿ 25 ಮಿ.ಮೀ., ಒಂದು ಇಂಚು ಎದ್ದಿತು. ಖರ್ಚೂ ಕಡಿಮೆ.

ಆದರೆ ಅದೇ ಲೆಕ್ಕವನ್ನು ಸರಳ ಸಂಗತ ಚಲನೆಯ ಪಾಠಕ್ಕೆ ಒಯ್ಯಿರಿ. ಆವೃತ್ತಿಯು k/m ನ ವರ್ಗಮೂಲವನ್ನು 2π ಯಿಂದ ಭಾಗಿಸಿದಷ್ಟು. ಮೊದಲು ಸೆಕೆಂಡಿಗೆ 1.59 ಬಾರಿ ಕುಣಿಯುತ್ತಿದ್ದ ಗಾಡಿ ಈಗ 1.84 ಬಾರಿ ಕುಣಿಯುತ್ತದೆ. ಒಳಗೆ ಕುಳಿತವರ ಸೊಂಟಕ್ಕೆ ಇದು ತಕ್ಷಣ ತಿಳಿಯುತ್ತದೆ. ಅದಕ್ಕಿಂತ ದೊಡ್ಡ ದೋಷ ಬೇರೆ ಇದೆ. ಗಡುಸಾದ ಸ್ಪ್ರಿಂಗ್ ಹೊಂಡದೊಳಗೆ ಚಕ್ರವನ್ನು ಇಳಿಯಗೊಡುವುದಿಲ್ಲ. ಒಂದು ಚಕ್ರ ಗಾಳಿಯಲ್ಲಿ ನೇತಾಡುತ್ತದೆ. ಸಾಮಾನ್ಯ ಡಿಫರೆನ್ಷಿಯಲ್‌ನ ಸ್ವಭಾವ ಗೊತ್ತಲ್ಲ: ಎರಡು ಚಕ್ರಗಳಲ್ಲಿ ಯಾವುದಕ್ಕೆ ತಡೆಯಿಲ್ಲವೋ ಅದನ್ನೇ ತಿರುಗಿಸುತ್ತದೆ. ಗಾಳಿಯಲ್ಲಿರುವ ಚಕ್ರ ಗಿರಗಿರನೆ ತಿರುಗುತ್ತದೆ, ನೆಲದಲ್ಲಿರುವುದು ಸುಮ್ಮನಿರುತ್ತದೆ, ಗಾಡಿ ನಿಂತಲ್ಲೇ ನಿಲ್ಲುತ್ತದೆ. ಎತ್ತರ ಹೆಚ್ಚಾಗಿ ಹಿಡಿತ ಕಡಿಮೆಯಾದ ಗಾಡಿ ಕೆಸರಿನಲ್ಲಿ ಮೊದಲಿಗಿಂತ ಬೇಗ ಹೂತುಹೋಗುತ್ತದೆ.

ಎರಡನೆಯದು, ಉದ್ದದ ಶ್ಯಾಕಲ್. ಇದು ಎಲ್ಲಕ್ಕಿಂತ ಅಗ್ಗ. ಆದ್ದರಿಂದಲೇ ಎಲ್ಲರೂ ಮೊದಲು ಕೈಹಾಕುವುದು ಇದಕ್ಕೆ. ಆಕ್ಸಲ್ ಸ್ಪ್ರಿಂಗಿನ ನಡುವೆ ಇರುವುದರಿಂದ ಒಂದು ತುದಿಯ ಶ್ಯಾಕಲ್ ಎರಡು ಇಂಚು ಉದ್ದವಾದರೆ ಗಾಡಿ ಏರುವುದು ಸುಮಾರು ಒಂದು ಇಂಚು. ಸನ್ನೆಯ ಲೆಕ್ಕವೇ. ಆದರೆ ಸ್ಪ್ರಿಂಗಿನ ಒಂದೇ ತುದಿ ಇಳಿಯುವುದರಿಂದ ಇಡೀ ಆಕ್ಸಲ್ ತನ್ನ ಸುತ್ತ ಸ್ವಲ್ಪ ತಿರುಗಿಬಿಡುತ್ತದೆ. ಸ್ಪ್ರಿಂಗಿನ ಉದ್ದ ಒಂದು ಮೀಟರ್, ತುದಿ ಇಳಿದದ್ದು 50 ಮಿ.ಮೀ. ಎಂದರೆ ತಿರುಗಿದ್ದು ಸುಮಾರು 3 ಡಿಗ್ರಿ.

ಮೂರು ಡಿಗ್ರಿಯಿಂದ ಏನಾಗುತ್ತದೆ? ಸೈಕಲಿನ ಮುಂದಿನ ಫೋರ್ಕ್ ನೋಡಿ. ಅದು ನೇರವಾಗಿ ನಿಂತಿಲ್ಲ, ಹಿಂದಕ್ಕೆ ವಾಲಿದೆ. ಆ ವಾಲಿಕೆಯ ಕೊಡುಗೆಯೂ ಇರುವುದರಿಂದಲೇ ಓಡುವ ಸೈಕಲ್ ತಾನಾಗಿ ನೇರ ದಾರಿಗೆ ಬರುತ್ತದೆ. ಗಾಡಿಯ ಮುಂದಿನ ಚಕ್ರಕ್ಕೂ ಇಂಥದೇ ವಾಲಿಕೆ ಇದೆ, ಅದಕ್ಕೆ ಕ್ಯಾಸ್ಟರ್ ಎನ್ನುತ್ತಾರೆ. ಅದು ಇರುವುದೇ ಕೆಲವು ಡಿಗ್ರಿ. ಮುಂದಿನ ಸ್ಪ್ರಿಂಗಿನ ಮುಂತುದಿಯಲ್ಲಿ ಶ್ಯಾಕಲ್ ಇರುವ ಗಾಡಿಗಳಲ್ಲಿ ಉದ್ದದ ಶ್ಯಾಕಲ್ ಆ ಕ್ಯಾಸ್ಟರನ್ನು ನುಂಗಿಹಾಕುತ್ತದೆ. ತಿರುವು ಮುಗಿದರೂ ಸ್ಟೇರಿಂಗ್ ತಾನಾಗಿ ಮರಳುವುದಿಲ್ಲ. ಹೆದ್ದಾರಿಯಲ್ಲಿ ಗಾಡಿ ಅತ್ತಿತ್ತ ಅಲೆಯುತ್ತದೆ. ಮಣ್ಣಿನ ದಾರಿಯಲ್ಲಿ ಗೊತ್ತಾಗದ ದೋಷ ಡಾಂಬರು ರಸ್ತೆಯಲ್ಲಿ 60ರ ವೇಗದಲ್ಲಿ ಗೊತ್ತಾಗುತ್ತದೆ. ಆಗ ತಡವಾಗಿರುತ್ತದೆ.

ಮೂರನೆಯದು, ಸ್ಪ್ರಿಂಗನ್ನು ಆಕ್ಸಲ್ ಮೇಲೆ ಕೂರಿಸುವುದು. ಜಿಪ್ಸಿಯಲ್ಲಿ ಕಂಪನಿ ಸ್ಪ್ರಿಂಗನ್ನು ಆಕ್ಸಲ್ಲಿನ ಕೆಳಗೆ ಕಟ್ಟಿದೆ. ಅದನ್ನು ಬಿಚ್ಚಿ ಮೇಲೆ ಕೂರಿಸಿದರೆ ಒಮ್ಮೆಗೇ ನಾಲ್ಕೈದು ಇಂಚು ಏರುತ್ತದೆ. ಹೊಸ ಸ್ಪ್ರಿಂಗೂ ಬೇಡ. ಹೀಗಾಗಿ ಅಗ್ಗ ಎಂಬ ಹೆಸರು. ಆದರೆ ಸ್ಪ್ರಿಂಗ್ ಕೂರುವ ಪೀಠವನ್ನು ಆಕ್ಸಲ್ ಕೊಳವೆಗೆ ಹೊಸದಾಗಿ ವೆಲ್ಡ್ ಮಾಡಬೇಕು. ಆ ವೆಲ್ಡಿಂಗ್ ಬಿಟ್ಟರೆ ಆಕ್ಸಲ್ಲೇ ಜಾರುತ್ತದೆ. ಪ್ರೊಪೆಲ್ಲರ್ ಶಾಫ್ಟ್‌ನ ಕೋನ ಕಡಿದಾಗಿ ಅದರ ಜಾಯಿಂಟ್ ಬೇಗ ಸವೆಯುತ್ತದೆ. ಸ್ಟೇರಿಂಗ್ ರಾಡಿನ ಕೋನ ಬದಲಾಗಿ, ಒಂದು ಹೊಂಡಕ್ಕೆ ಬಿದ್ದರೆ ಸ್ಟೇರಿಂಗ್ ತಾನಾಗಿ ಎಳೆಯುತ್ತದೆ. ಬ್ರೇಕಿನ ರಬ್ಬರ್ ಪೈಪ್ ಸಾಲದೆ, ಚಕ್ರ ಪೂರ್ತಿ ಇಳಿದಾಗ ಬಿಗಿದು ಹರಿಯಬಹುದು. ಶಾಕ್ ಅಬ್ಸಾರ್ಬರ್‌ಗಳೂ ಉದ್ದ ಬೇಕು. ಇವೆಲ್ಲವನ್ನೂ ಸರಿಪಡಿಸಿದರೆ ಅದು ಅಗ್ಗವಲ್ಲ. ಸರಿಪಡಿಸದಿದ್ದರೆ ಅದು ಓಡಿಸುವ ಗಾಡಿಯಲ್ಲ.

ನಾಲ್ಕನೆಯದು, ಕಳೆದುಹೋದ ಎತ್ತರವನ್ನು ವಾಪಸ್ ತರುವುದು. ಇದನ್ನು ಹೆಚ್ಚಿನವರು ದಾರಿ ಎಂದೇ ಎಣಿಸುವುದಿಲ್ಲ. ಇಪ್ಪತ್ತು, ಇಪ್ಪತ್ತೈದು ವರ್ಷ ಮೂಟೆ ಹೊತ್ತ ಪ್ಲೇಟ್ ತನ್ನ ಕಮಾನನ್ನು ಕಳೆದುಕೊಂಡು ಚಪ್ಪಟೆಯಾಗಿರುತ್ತದೆ. ಅಂದರೆ ಗಾಡಿ ಈಗಾಗಲೇ ತಗ್ಗಿದೆ. ನಾವು ಅದನ್ನು ಎತ್ತಬೇಕು ಎಂದುಕೊಳ್ಳುತ್ತೇವೆ, ನಿಜವಾಗಿ ಅದನ್ನು ಎಬ್ಬಿಸಿದರೆ ಸಾಕು. ಸವೆದ ಪ್ಲೇಟ್ ಬದಲಿಸುವುದು, ಇಲ್ಲವೇ ಇಡೀ ಸೆಟ್ಟನ್ನು ಸ್ಪ್ರಿಂಗ್ ಕೆಲಸ ಗೊತ್ತಿರುವವರಲ್ಲಿ ಹೊಸ ಕಮಾನು ಕೊಡಿಸುವುದು ಇದರ ವಿಧಾನ. ಒಂದು ಎಚ್ಚರಿಕೆ: ಗ್ಯಾಸ್ ಜ್ವಾಲೆಯಲ್ಲಿ ಪ್ಲೇಟನ್ನು ಕೆಂಪಗೆ ಕಾಯಿಸಿ ಬಗ್ಗಿಸಿ ಹಾಗೆಯೇ ಆರಲು ಬಿಡುವವರಿದ್ದಾರೆ. ಸ್ಪ್ರಿಂಗ್ ಉಕ್ಕಿನ ಗುಣ ಇರುವುದು ಅದಕ್ಕೆ ಕೊಟ್ಟ ಹದದಲ್ಲಿ. ಕಾಯಿಸಿ, ಎಣ್ಣೆಯಲ್ಲಿ ತಣಿಸಿ, ಮತ್ತೆ ಅಳತೆಯ ಬಿಸಿಯಲ್ಲಿ ಹದ ಮಾಡದಿದ್ದರೆ ಅದು ಬರಿಯ ಕಬ್ಬಿಣದ ಪಟ್ಟಿ. ಬೇಗ ಕುಸಿಯುತ್ತದೆ, ಇಲ್ಲವೇ ಮುರಿಯುತ್ತದೆ.

ಇನ್ನು ಮಾಡಲೇಬಾರದ ಕೆಲವು: ಆಕ್ಸಲ್ಲಿಗೂ ಸ್ಪ್ರಿಂಗಿಗೂ ನಡುವೆ ಮರದ ತುಂಡು ಇಡುವುದು, ಕಬ್ಬಿಣದ ಬ್ಲಾಕ್‌ಗಳನ್ನು ಒಂದರ ಮೇಲೊಂದು ಪೇರಿಸುವುದು, ಮುಂದಿನ ಆಕ್ಸಲ್ಲಿಗೆ ಯಾವುದೇ ಬ್ಲಾಕ್ ಹಾಕುವುದು. ಬ್ರೇಕ್ ಒತ್ತಿದಾಗ ಆಕ್ಸಲ್ ಮೇಲೆ ಬೀಳುವ ತಿರುಚು ಬಲಕ್ಕೆ ಇವು ಜಾರಿಹೋದರೆ ಹಿಡಿಯಲು ಏನೂ ಇರುವುದಿಲ್ಲ.

4. ಎತ್ತರದ ಬೆಲೆ

ಈಗ ನಾನು ಹುಡುಗನಿಗೆ ಕರಿಹಲಗೆಯ ಮೇಲೆ ತೋರಿಸಿದ ಮುಖ್ಯ ಲೆಕ್ಕ. ಗಾಡಿಯ ಗುರುತ್ವ ಕೇಂದ್ರದ ಎತ್ತರ h, ಎಡ ಬಲ ಚಕ್ರಗಳ ಅಂತರ T. ತಿರುವಿನಲ್ಲಿ ಗಾಡಿ ಹೊರಚಕ್ರದ ಮೇಲೆ ಮಗುಚಲು ನೋಡುತ್ತದೆ. ಮಗುಚಿಸುವ ತಿರುಚು ಬಲ mv²h/r. ಅದನ್ನು ತಡೆಯುವುದು ಗಾಡಿಯ ತೂಕ, mgT/2. ಎರಡೂ ಸಮವಾದ ಕ್ಷಣದಲ್ಲಿ v² = gr × T/2h. ದ್ರವ್ಯರಾಶಿ ಎರಡೂ ಕಡೆಯಿಂದ ಹೋಯಿತು. ಉಳಿದದ್ದು T/2h ಎಂಬ ಒಂದೇ ಅಂಕೆ. ಗಾಡಿಯ ಸ್ಥಿರತೆಯೆಲ್ಲ ಅದರಲ್ಲಿದೆ.

ಇದರ ಎದುರಿಗೆ ಇನ್ನೊಂದು ಅಂಕೆ ಇಡಬೇಕು: ಟೈರಿಗೂ ರಸ್ತೆಗೂ ನಡುವಿನ ಘರ್ಷಣಾ ಗುಣಾಂಕ. ಒಣ ಡಾಂಬರಿನಲ್ಲಿ ಅದನ್ನು 0.8 ಎನ್ನೋಣ. T/2h ಇದಕ್ಕಿಂತ ದೊಡ್ಡದಾಗಿದ್ದರೆ ಅತಿ ವೇಗದಲ್ಲಿ ತಿರುಗಿಸಿದಾಗ ಗಾಡಿ ಮೊದಲು ಜಾರುತ್ತದೆ. ಚಾಲಕನಿಗೆ ಎಚ್ಚರಿಕೆ ಸಿಗುತ್ತದೆ. ಚಿಕ್ಕದಾಗಿದ್ದರೆ ಜಾರುವ ಮೊದಲೇ ಮಗುಚುತ್ತದೆ. ಎಚ್ಚರಿಕೆ ಇಲ್ಲ.

ಗಾಡಿಯ ತೂಕ 1000 ಕಿಲೋ, T 1300 ಮಿ.ಮೀ., h 650 ಮಿ.ಮೀ. ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ನಾಲ್ಕು ಇಂಚು, ಅಂದರೆ 100 ಮಿ.ಮೀ. ಎತ್ತಿದರೆ ಆಕ್ಸಲ್, ಚಕ್ರಗಳು ಕೆಳಗೇ ಉಳಿಯುವುದರಿಂದ ಗುರುತ್ವ ಕೇಂದ್ರ ಸುಮಾರು 80 ಮಿ.ಮೀ. ಏರುತ್ತದೆ. ಮೇಲಿನ ಕ್ಯಾರಿಯರ್‌ನಲ್ಲಿ 50 ಕಿಲೋದ ಎರಡು ಮೂಟೆ ಇಟ್ಟರೆ ಅವುಗಳ ಕೇಂದ್ರ ನೆಲದಿಂದ 1900 ಮಿ.ಮೀ., ಎತ್ತಿದ ಗಾಡಿಯಲ್ಲಿ 2000 ಮಿ.ಮೀ. ಎತ್ತರದಲ್ಲಿದೆ ಎನ್ನೋಣ.

ಕಂಪನಿಯ ಎತ್ತರ, ಮೂಟೆ ಇಲ್ಲ: h 650, T/2h = 1.00
ಕಂಪನಿಯ ಎತ್ತರ, ಎರಡು ಮೂಟೆ: h 764, T/2h = 0.85
ನಾಲ್ಕು ಇಂಚು ಎತ್ತಿದ್ದು, ಮೂಟೆ ಇಲ್ಲ: h 730, T/2h = 0.89
ನಾಲ್ಕು ಇಂಚು ಎತ್ತಿದ್ದು, ಎರಡು ಮೂಟೆ: h 845, T/2h = 0.77

ಕೊನೆಯ ಸಾಲನ್ನು ಮತ್ತೊಮ್ಮೆ ನೋಡಿ. ಎತ್ತಿದ್ದೊಂದೇ ಆದರೆ 0.8ರ ಗೆರೆ ದಾಟಲಿಲ್ಲ. ಮೂಟೆಯೊಂದೇ ಆದರೂ ದಾಟಲಿಲ್ಲ. ಎರಡೂ ಸೇರಿದಾಗ ದಾಟಿತು. 20 ಮೀಟರ್ ತ್ರಿಜ್ಯದ ತಿರುವಿನಲ್ಲಿ, ಚಾರ್ಮಾಡಿ ಘಾಟಿಯ ಒಂದು ತಿರುವನ್ನು ಕಲ್ಪಿಸಿಕೊಳ್ಳಿ, ಟೈರ್ ಜಾರುವುದು ಗಂಟೆಗೆ 45 ಕಿಲೋಮೀಟರ್ ವೇಗದಲ್ಲಿ. ಮೊದಲಿನ ಖಾಲಿ ಗಾಡಿ ಮಗುಚಲು 50 ಬೇಕಿತ್ತು, ಆದ್ದರಿಂದ ಅದು ಮೊದಲು ಜಾರುತ್ತಿತ್ತು. ಎತ್ತಿ ಮೂಟೆ ಹೇರಿದ ಗಾಡಿ 44ಕ್ಕೇ ಮಗುಚುತ್ತದೆ.

ನಿಜವಾದ ಗಾಡಿಯಲ್ಲಿ ಪರಿಸ್ಥಿತಿ ಇದಕ್ಕಿಂತ ಕೆಟ್ಟದು. ನಮ್ಮ ಲೆಕ್ಕ ಗಾಡಿಯನ್ನು ಕಲ್ಲಿನಂತೆ ಗಟ್ಟಿ ಎಂದು ಭಾವಿಸಿದೆ. ನಿಜದಲ್ಲಿ ತಿರುವಿನಲ್ಲಿ ಬಾಡಿ ಹೊರಕ್ಕೆ ವಾಲುತ್ತದೆ, ಟೈರ್ ಅದುಮುತ್ತದೆ, ಒಳಗಿನ ಸಾಮಾನೂ ಜನರೂ ಹೊರಬದಿಗೆ ಸರಿಯುತ್ತಾರೆ. ಎಲ್ಲವೂ ಮಗುಚುವ ವೇಗವನ್ನು ಇನ್ನೂ ಕೆಳಗಿಳಿಸುತ್ತವೆ.

ಹುಡುಗ ಬಹಳ ಹೊತ್ತು ಹಲಗೆಯನ್ನೇ ನೋಡಿದ. ಆಮೇಲೆ ಮೆಲ್ಲಗೆ, "ಸರ್, ಶಾಲೆಯ ಮಕ್ಕಳು ಹತ್ತಿದ ದಿನ ಮೂಟೆಗಳು ಕ್ಯಾರಿಯರ್‌ಗೆ ಹೋಗುತ್ತವೆ. ಒಳಗೆ ಜಾಗ ಇರುವುದಿಲ್ಲವಲ್ಲ" ಎಂದ.

5. ಕಾನೂನು ಏನು ಹೇಳುತ್ತದೆ?

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದೇ ಕಲಮಿನ ಮೇಲೆ ತೀರ್ಪು ನೀಡಿ, ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಬದಲಾವಣೆ ಸಲ್ಲದು ಎಂದಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಕಲಂ, ಅನುಮತಿಯಿಲ್ಲದೆ ಇಂಥ ಬದಲಾವಣೆ ಮಾಡಿಸಿದ ಮಾಲೀಕರಿಗೆ ಆರು ತಿಂಗಳವರೆಗಿನ ಸೆರೆ, ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ಹೇಳುತ್ತದೆ. ಅಪಘಾತವಾದರೆ ವಿಮೆಯ ಹಣಕ್ಕೂ ಇದರಿಂದ ತೊಡಕು ಬರಬಹುದು.

ಸವೆದ ಭಾಗ ತೆಗೆದು ಅದೇ ಅಳತೆಯ ಭಾಗ ಹಾಕುವುದು ರಿಪೇರಿ. ಕಂಪನಿ ಕೊಟ್ಟದ್ದಕ್ಕಿಂತ ಮೇಲಕ್ಕೆ ಒಯ್ಯುವುದು ಬದಲಾವಣೆ. ಬದಲಾವಣೆ ಬೇಕೇ ಬೇಕೆನ್ನುವವರು ಮೊದಲು ಹೋಗಬೇಕಾದ ಜಾಗ ಸಾರಿಗೆ ಕಚೇರಿ. ಗ್ಯಾರೇಜ್ ಆಮೇಲೆ.

6. ಗ್ಯಾರೇಜಿನಲ್ಲಿ ಕಂಡದ್ದು

ಭಾನುವಾರ ಬೆಳಿಗ್ಗೆ ಹುಡುಗ, ಅವನ ತಂದೆ ಮತ್ತು ನಾನು ಅವರ ಪರಿಚಯದ ಗ್ಯಾರೇಜಿಗೆ ಹೋದೆವು. ಹುಡುಗ ಕಾಕ ಎಂದು ಕರೆಯುವ ಹಿರಿಯ ಮೆಕ್ಯಾನಿಕ್ ಗಾಡಿಯನ್ನು ಪಿಟ್ ಮೇಲೆ ನಿಲ್ಲಿಸಿದರು. ನಾವು ಮೊದಲು ಅಳೆದದ್ದು ಪ್ರತಿ ಚಕ್ರದ ನಡುಬಿಂದುವಿನಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗಿನ ಎತ್ತರ. ಟೈರಿನ ಗಾಳಿ ಹೆಚ್ಚು ಕಡಿಮೆ ಇದ್ದರೂ ಈ ಅಳತೆ ತಪ್ಪುವುದಿಲ್ಲ. ಹಿಂದಿನ ಎಡಬದಿ, ಬಲಬದಿಗಿಂತ ಒಂದೂವರೆ ಇಂಚು ತಗ್ಗಿತ್ತು.

ಕಾಕ ಕೆಳಗಿಳಿದು ಟಾರ್ಚ್ ಹಾಕಿ ಒಂದೇ ಮಾತು ಹೇಳಿದರು: "ಇದನ್ನು ಎತ್ತುವುದು ಆಮೇಲೆ. ಮೊದಲು ಇಲ್ಲಿ ನೋಡು ಮಗಾ." ಎಡಬದಿಯ ಎರಡನೆಯ ಪ್ಲೇಟ್ ಸೆಂಟರ್ ಬೋಲ್ಟ್ ಹತ್ತಿರ ಮುರಿದಿತ್ತು. ಮುರಿದ ಜಾಗದಲ್ಲಿ ತುಕ್ಕು ಹಿಡಿದಿತ್ತು, ಅಂದರೆ ಮುರಿದು ಬಹಳ ದಿನಗಳಾಗಿವೆ. ಶ್ಯಾಕಲಿನ ಬುಷ್‌ಗಳು ಪುಡಿಯಾಗಿದ್ದವು. ರಬ್ಬರಿನ ಬಂಪ್ ಸ್ಟಾಪ್ ಆಕ್ಸಲ್ಲಿನ ಹೊಡೆತ ತಿಂದು ಚಪ್ಪಟೆಯಾಗಿತ್ತು. ಗೀರುಗಳು ಎರಡೇ ಕಡೆ: ಸೈಲೆನ್ಸರ್ ಪೈಪಿನಲ್ಲಿ ಮತ್ತು ಹಿಂದಿನ ಡಿಫರೆನ್ಷಿಯಲ್‌ನಲ್ಲಿ.

ಸೈಲೆನ್ಸರ್ ತಾಗುತ್ತಿದ್ದದ್ದು ಗಾಡಿ ಕುಸಿದಿದ್ದರಿಂದ. ಡಿಫರೆನ್ಷಿಯಲ್ ತಾಗುತ್ತಿದ್ದದ್ದಕ್ಕೆ ಯಾವ ಸಸ್ಪೆನ್ಷನ್ ಲಿಫ್ಟೂ ಮದ್ದಲ್ಲ. ಮುರಿದ ಪ್ಲೇಟಿನ ಮೇಲೆ ಉದ್ದದ ಶ್ಯಾಕಲ್ ಹಾಕಿದ್ದರೆ ಗಾಡಿ ಎತ್ತರವಾಗಿ ಕಾಣುತ್ತಿತ್ತು, ಎಲ್ಲರೂ ಸಂತೋಷಪಡುತ್ತಿದ್ದೆವು. ಉಳಿದ ಪ್ಲೇಟ್‌ಗಳು ಯಾವ ದಿನ, ಯಾವ ತಿರುವಿನಲ್ಲಿ ಕೈಕೊಡುತ್ತಿದ್ದವೋ ಹೇಳುವಂತಿಲ್ಲ.

ಆ ಹಣದಲ್ಲಿ ಮಾಡಿಸಿದ್ದು ಇಷ್ಟು. ಹಿಂದಿನ ಎರಡೂ ಬದಿಯ ಸ್ಪ್ರಿಂಗ್ ಬಿಚ್ಚಿ, ಮುರಿದ ಮತ್ತು ಸವೆದ ಪ್ಲೇಟ್‌ಗಳಿಗೆ ಬದಲು ಅದೇ ಅಳತೆಯವನ್ನು ಹಾಕಿಸಿದೆವು. ಒಂದೇ ಬದಿ ಮಾಡಿಸಿದರೆ ಗಾಡಿ ಓರೆಯಾಗುತ್ತದೆ, ಆದ್ದರಿಂದ ಯಾವಾಗಲೂ ಜೋಡಿಯಾಗಿಯೇ ಮಾಡಿಸಬೇಕು. ಹೊಸ ಬುಷ್, ಹೊಸ ಬಂಪ್ ಸ್ಟಾಪ್. ಯು-ಬೋಲ್ಟ್‌ಗಳೂ ಹೊಸವು, ಒಮ್ಮೆ ಬಿಗಿದು ಎಳೆದ ಬೋಲ್ಟನ್ನು ಮತ್ತೆ ನಂಬಬಾರದು. ಪ್ಲೇಟ್‌ಗಳ ನಡುವಿನ ಮಣ್ಣು ತುಕ್ಕು ತೆಗೆದು ಗ್ರೀಸ್ ಹಾಕಿದರು. ಕೆಲವು ದಿನ ಓಡಿಸಿದ ಮೇಲೆ ಬಂದು ಯು-ಬೋಲ್ಟ್ ಮತ್ತೊಮ್ಮೆ ಬಿಗಿಸಬೇಕೆಂದು ಕಾಕ ಎರಡು ಸಲ ಹೇಳಿದರು. ಕೆಲಸ ಮುಗಿದ ಮೇಲೆ ಮತ್ತೆ ಅಳೆದೆವು. ಎಡಬದಿ ಎರಡು ಇಂಚಿಗೆ ತುಸು ಕಡಿಮೆ, ಬಲಬದಿ ಅರ್ಧ ಇಂಚಿನ ಹತ್ತಿರ ಏರಿತ್ತು. ಹುಡುಗ ಕೇಳಿದ ಎರಡು ಇಂಚು ಗಾಡಿಯೊಳಗೇ ಅಡಗಿತ್ತು.

ಡಿಫರೆನ್ಷಿಯಲ್ ತಾಗುವ ಕಥೆ ಉಳಿದಿತ್ತು. ದಾರಿಯ ನಡುವೆ ಎದ್ದು ನಿಂತ ಕಲ್ಲನ್ನು ಎರಡು ಚಕ್ರಗಳ ನಡುವೆ ಬಿಟ್ಟು ಹೋಗುವುದು ನಮ್ಮ ಅಭ್ಯಾಸ. ಗಟ್ಟಿ ಆಕ್ಸಲಿನ ಗಾಡಿಯಲ್ಲಿ ಅದು ತಪ್ಪು. ಟೈರನ್ನೇ ಕಲ್ಲಿನ ಮೇಲೆ ನಿಧಾನವಾಗಿ ಹತ್ತಿಸಿದರೆ ಆಕ್ಸಲ್ಲೂ ಅದರ ಜೊತೆ ಏರುತ್ತದೆ. ಕೆಸರಿನಲ್ಲಿ ಹಿಡಿತ ಬೇಕಾದರೆ ಟೈರಿನ ಗಾಳಿಯನ್ನು 18ರಿಂದ 20 ಪಿಎಸ್‌ಐಗೆ ಇಳಿಸಿ ನಿಧಾನವಾಗಿ ಹೋಗಬಹುದು. ಡಾಂಬರು ರಸ್ತೆಗೆ ಬಂದ ಕೂಡಲೇ ಮೊದಲಿನಷ್ಟು ತುಂಬಿಸಬೇಕು. ಎರಡಕ್ಕೂ ಖರ್ಚಿಲ್ಲ.

ಮರುವಾರ ಹುಡುಗ ಬಂದು ಇನ್ನೊಂದು ಸುದ್ದಿ ಹೇಳಿದ. ಅವನೂ ತಂದೆಯೂ ನೆರೆಯ ಇಬ್ಬರೂ ಸೇರಿ ಹಾರೆ, ಪಿಕಾಸಿ ಹಿಡಿದು ಒಂದು ಬೆಳಿಗ್ಗೆ ದಾರಿಯ ನಡುವಿನ ಆ ಕಲ್ಲನ್ನೇ ಎಬ್ಬಿಸಿ ಬದಿಗೆ ಉರುಳಿಸಿದ್ದರು. ಗಾಡಿಯನ್ನು ಎತ್ತುವ ಬದಲು ಕಲ್ಲನ್ನು ಇಳಿಸಿದ್ದರು. "ಕ್ಯಾರಿಯರ್ ಬಿಚ್ಚಿ ಮನೆಯ ಹಿಂದೆ ಇಟ್ಟಿದ್ದೇವೆ ಸರ್. ಮೂಟೆಗೆ ಒಂದು ಟ್ರಿಪ್, ಮಕ್ಕಳಿಗೆ ಒಂದು ಟ್ರಿಪ್. ಬಾಪನಿಗೆ ಆ 0.77ರ ಲೆಕ್ಕ ನಾನೇ ಹೇಳಿದೆ" ಎಂದ. ಪೆಟ್ರೋಲ್ ಸ್ವಲ್ಪ ಹೆಚ್ಚು ಖರ್ಚಾಗುತ್ತದಂತೆ. ಆಗಲಿ.

7. ನೆನಪಿಡಬೇಕಾದವು

ಎತ್ತುವ ಮೊದಲು ಅಳೆಯಿರಿ. ಅಳೆಯುವ ಮೊದಲು ಅಡಿಯ ಗೀರುಗಳನ್ನು ನೋಡಿ.
ಸಸ್ಪೆನ್ಷನ್ ಎತ್ತಿದರೆ ಹೊಟ್ಟೆ ಏರುತ್ತದೆ, ಡಿಫರೆನ್ಷಿಯಲ್ ಏರುವುದಿಲ್ಲ.
ಸ್ಪ್ರಿಂಗ್ ಗಡುಸು ಮಾಡಿ ಪಡೆದ ಎತ್ತರ ಹಿಡಿತವನ್ನು ಕಳೆಯುತ್ತದೆ.
ಎತ್ತರದ ಜೊತೆ ಸ್ಟೇರಿಂಗ್, ಬ್ರೇಕ್ ಪೈಪ್, ಶಾಫ್ಟ್ ಮೂರನ್ನೂ ನೋಡದಿದ್ದರೆ ಆ ಕೆಲಸ ಅರ್ಧವೇ.
ಎತ್ತಿದ ಗಾಡಿಯ ತಲೆಯ ಮೇಲೆ ಭಾರ ಹೇರಬೇಡಿ.
ಬರಿಯ ಜಾಕ್ ಮೇಲೆ ನಿಂತ ಗಾಡಿಯ ಅಡಿಗೆ ಎಂದೂ ನುಸುಳಬೇಡಿ. ಗಟ್ಟಿ ಸ್ಟ್ಯಾಂಡ್ ಕೊಟ್ಟು, ಚಕ್ರಗಳಿಗೆ ತಡೆ ಇಟ್ಟ ಮೇಲೆಯೇ ಕೈಹಾಕಿ.

8. ನೀವೇ ಮಾಡಿ ನೋಡಿ

1. ಎರಡೇ ಇಂಚು (50 ಮಿ.ಮೀ.) ಎತ್ತಿದಾಗ ಗುರುತ್ವ ಕೇಂದ್ರ 40 ಮಿ.ಮೀ. ಏರಿತು. 50 ಕಿಲೋದ ಎರಡು ಮೂಟೆ 1950 ಮಿ.ಮೀ. ಎತ್ತರದಲ್ಲಿವೆ. T/2h ಎಷ್ಟು? 0.8ರ ಗೆರೆ ದಾಟಿತೇ? ಮೂಟೆ ಮೂರಾದರೆ?

2. ಸ್ಪ್ರಿಂಗಿನ ಕುಗ್ಗುವಿಕೆ x ಗೊತ್ತಿದ್ದರೆ ಸಾಕು, ಕುಣಿಯುವ ಆವೃತ್ತಿಯನ್ನು k ಮತ್ತು m ಗೊತ್ತಿಲ್ಲದೆಯೇ ಕಂಡುಹಿಡಿಯಬಹುದು. ಹೇಗೆ? ಸುಳಿವು: kx = mg.

3. ಮಳೆಯಲ್ಲಿ ಘರ್ಷಣಾ ಗುಣಾಂಕ 0.5ಕ್ಕೆ ಇಳಿಯಿತು ಎನ್ನೋಣ. ಎತ್ತಿ ಮೂಟೆ ಹೇರಿದ ಗಾಡಿ ಈಗ ಜಾರುತ್ತದೆಯೋ, ಮಗುಚುತ್ತದೆಯೋ? ಜಾರುತ್ತಿರುವ ಚಕ್ರ ರಸ್ತೆಯ ಅಂಚಿನ ಕಲ್ಲಿಗೆ ಬಡಿದರೆ ಏನಾಗಬಹುದು?

ಮೂರನೆಯ ಪ್ರಶ್ನೆಯ ಎರಡನೆಯ ಭಾಗಕ್ಕೆ ಸಮೀಕರಣ ಬೇಡ. ಘಾಟಿಯ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತು ಬರುವವರು ಯೋಚಿಸಿ ಉತ್ತರಿಸಬಹುದು. ಉತ್ತರ ಬರೆದವರು ಭೌತಶಾಸ್ತ್ರ ವಿಭಾಗಕ್ಕೆ ತಂದು ತೋರಿಸಿ, ಕುಳಿತು ಮಾತಾಡೋಣ. ನಿಮ್ಮ ಮನೆಯಲ್ಲೂ ಹಳೆಯ ಗಾಡಿ ಇದ್ದರೆ, ಬರುವಾಗ ನಾಲ್ಕು ಚಕ್ರಗಳ ಅಳತೆಯನ್ನೂ ಬರೆದು ತನ್ನಿ.